ಒಡಂಬಡಿಕೆಯ ಕಾಗದವೂ ತರಗತಿಯ ಬಾಗಿಲೂ

ಎರಡು ವಿದ್ಯಾಸಂಸ್ಥೆಗಳ ನಡುವೆ ಶೈಕ್ಷಣಿಕ ಒಡಂಬಡಿಕೆಗೆ ಸಹಿ ಬಿತ್ತೆಂಬ ಸುದ್ದಿಯಿಲ್ಲದ ವಾರ ಈಗ ಪತ್ರಿಕೆಗಳಲ್ಲಿ ಅಪರೂಪ. ಚಿತ್ರವೂ ಒಂದೇ ಬಗೆಯದು: ಉದ್ದನೆಯ ಮೇಜು, ಎರಡು ಕುಲಪತಿಗಳು, ಎರಡು ಶಾಲು, ಎರಡು ಹೂಗುಚ್ಛ, ನಡುವೆ ರೆಕ್ಸಿನ್ ಹೊದಿಕೆಯ ಎರಡು ಕಡತ. ಕೆಳಗಿನ ಒಕ್ಕಣೆಯಲ್ಲಿ ‘ಅಧ್ಯಾಪಕರ ವಿನಿಮಯ ಮತ್ತು ತರಬೇತಿ’ ಎಂಬ ಮಾತು ತಪ್ಪದೆ ಇರುತ್ತದೆ. ಆ ಚಿತ್ರದಲ್ಲಿ ಕಾಣದವರು ಮಾತ್ರ ಇಬ್ಬರು. ತರಬೇತಿ ಪಡೆಯಬೇಕಾದ ಅಧ್ಯಾಪಕ ಒಬ್ಬ, ಅವನಿಂದ ಪಾಠ ಕೇಳಬೇಕಾದ ವಿದ್ಯಾರ್ಥಿ ಇನ್ನೊಬ್ಬ.

ನಾವು ವೃತ್ತಿಯಿಂದ ಮೇಷ್ಟರಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ಬದುಕುವವರು. ಇಂಗ್ಲಿಷ್ ಎಂ.ಎ. ಮುಗಿಸಿದ ಹೊಸದರಲ್ಲಿ ಎರಡು ವರ್ಷ ಊರಿನ ಕಾಲೇಜೊಂದರಲ್ಲಿ ತಾಸಿನ ಲೆಕ್ಕಕ್ಕೆ ಪಾಠ ಹೇಳಿದ್ದೆವು. ಆ ಎರಡು ವರ್ಷಗಳಲ್ಲಿ ಹೇಗೆ ಕಲಿಸಬೇಕೆಂದು ನಮಗೆ ಯಾರೂ ಹೇಳಿಕೊಡಲಿಲ್ಲ, ನಾವು ಹೇಗೆ ಕಲಿಸುತ್ತಿದ್ದೇವೆಂದು ನೋಡಲು ಯಾರೂ ತರಗತಿಯ ಹಿಂದಿನ ಬೆಂಚಿಗೆ ಬಂದು ಕೂರಲಿಲ್ಲ. ಹಳ್ಳಿಗಳಿಂದ ಬಸ್ಸು ಹಿಡಿದು ಬರುತ್ತಿದ್ದ ಹುಡುಗರ ಮುಂದೆ ನಾವು ನಮ್ಮ ಪ್ರಾಧ್ಯಾಪಕರ ಟಿಪ್ಪಣಿಗಳನ್ನೇ ಓದಿದೆವು. ನಮ್ಮ ಪ್ರಾಧ್ಯಾಪಕರೂ ತಮ್ಮ ಗುರುಗಳ ಟಿಪ್ಪಣಿಗಳನ್ನೇ ಓದಿದ್ದಿರಬೇಕು. ಆ ಹುಡುಗರಿಗೆ ನಾವು ಮಾಡಿದ ಅನ್ಯಾಯ ಇಂದಿಗೂ ಒಳಗೆ ಚುಚ್ಚುತ್ತದೆ. ಈ ಬರಹಕ್ಕೆ ಅದೇ ಪ್ರೇರಣೆ. ಶಾಲೆಯ ಮಕ್ಕಳಿಗೆ ಕಲಿಸುವವರಿಗೆ ಬಿ.ಎಡ್. ಬೇಕು, ಪದವಿ ತರಗತಿಗೆ ಕಲಿಸುವವರಿಗೆ ವಿಷಯಜ್ಞಾನದ ಪರೀಕ್ಷೆ ಪಾಸಾದರೆ ಸಾಕು. ಈ ಕೊರತೆಯನ್ನು ತುಂಬಲು ನಾವು ಕಂಡುಕೊಂಡ ಉಪಾಯವೇ ತರಬೇತಿ ಶಿಬಿರ ಮತ್ತು ಸಂಸ್ಥೆಗಳ ಪಾಲುದಾರಿಕೆ. ಉಪಾಯ ಕೆಟ್ಟದ್ದಲ್ಲ. ಅದನ್ನು ಕಾಗದಕ್ಕೆ ಇಳಿಸಿ ಅಲ್ಲೇ ಕೈಬಿಟ್ಟಿರುವ ಬಗೆ ಕೆಟ್ಟದ್ದು ಎಂಬುದೇ ನಮ್ಮ ವಾದ.

ಹಿನ್ನೆಲೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಯುಜಿಸಿ ದೇಶದ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಹೊಸ ಅಧ್ಯಾಪಕರಿಗೆ ನಾಲ್ಕು ವಾರಗಳ ಓರಿಯೆಂಟೇಷನ್, ಅನುಭವಿಗಳಿಗೆ ಮೂರು ವಾರಗಳ ಪುನಶ್ಚೇತನ ಕೋರ್ಸು. ಬೇರೆ ಬೇರೆ ಊರಿನ ಅಧ್ಯಾಪಕರು ಒಂದೆಡೆ ತಂಗಿ, ಒಟ್ಟಿಗೆ ಉಂಡು, ಸಂಜೆ ವಾದ ಮಾಡಿ ಹಿಂದಿರುಗಬೇಕೆಂಬುದು ಅದರ ಹಿಂದಿನ ಆಲೋಚನೆ. ಅದೇ ಹೊತ್ತಿಗೆ ತರಬೇತಿಯನ್ನು ಬಡ್ತಿಯೊಂದಿಗೆ ಗಂಟುಹಾಕಲಾಯಿತು. ಗಂಟು ಬಿದ್ದ ದಿನವೇ ಪ್ರಮಾಣಪತ್ರ ಮುಂದೆ ಬಂದು ಕಲಿಕೆ ಹಿಂದೆ ಸರಿಯಿತು. 2015ರಲ್ಲಿ ಈ ಕಾಲೇಜುಗಳು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2023ರ ಶಿಕ್ಷಕರ ದಿನದಂದು ಆರಂಭವಾದ ಯೋಜನೆಯೊಂದಿಗೆ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರಗಳಾದವು. 111 ಕೇಂದ್ರಗಳ ಮೂಲಕ 15 ಲಕ್ಷ ಅಧ್ಯಾಪಕರಿಗೆ ತರಬೇತಿ ಎಂಬುದು ಈಗಿನ ಘೋಷಿತ ಗುರಿ. ನಾಮಫಲಕ ಎರಡು ಬಾರಿ ಬದಲಾಯಿತು. ಮೂರು ವಾರ ಎರಡು ವಾರವಾಯಿತು, ಹಾಸ್ಟೆಲ್ಲಿನ ಕೋಣೆ ಕಂಪ್ಯೂಟರಿನ ಪರದೆಯಾಯಿತು.

ಇದರ ಪಕ್ಕದಲ್ಲೇ ಇನ್ನೊಂದು ಲೆಕ್ಕ ಬೆಳೆಯಿತು. ನ್ಯಾಕ್ ಮೌಲ್ಯಮಾಪನದ ಏಳು ಮಾನದಂಡಗಳಲ್ಲಿ ಸಂಶೋಧನೆಗೆ ಸಂಬಂಧಿಸಿದ ಮೂರನೆಯದರೊಳಗೆ ‘ಸಹಯೋಗ’ ಎಂಬ ಅಂಶವೊಂದಿದೆ. ಚಾಲ್ತಿಯಲ್ಲಿರುವ ಒಡಂಬಡಿಕೆಗಳು ಎಷ್ಟು ಎಂದು ಅಲ್ಲಿ ಎಣಿಸಲಾಗುತ್ತದೆ. ಎಣಿಸಬಹುದಾದದ್ದನ್ನು ಕೇಳಿದರೆ ಎಣಿಕೆಗೆ ಸಿಗುವಂಥದ್ದನ್ನೇ ಕಾಲೇಜುಗಳು ಒದಗಿಸುತ್ತವೆ. ಹೀಗೆ, ಅಧ್ಯಾಪಕನಿಗೆ ಬಡ್ತಿಗಾಗಿ ಪ್ರಮಾಣಪತ್ರ ಬೇಕು, ಕಾಲೇಜಿಗೆ ಅಂಕಕ್ಕಾಗಿ ಒಡಂಬಡಿಕೆ ಬೇಕು. ಇಬ್ಬರ ಅಗತ್ಯವೂ ಒಂದು ವಾರದ ಆನ್‌ಲೈನ್ ಶಿಬಿರದಲ್ಲಿ ಒಟ್ಟಿಗೆ ತೀರುತ್ತದೆ. ತರಗತಿಯಲ್ಲಿ ಕುಳಿತವನ ಅಗತ್ಯವನ್ನು ಕೇಳುವವರು ಯಾರೂ ಇಲ್ಲ.

ಕಡತ ಓದುವುದು ನಮ್ಮ ಕಸುಬಾದ್ದರಿಂದ ಇಂಥ ಒಡಂಬಡಿಕೆಗಳನ್ನು ಒಂದಿಷ್ಟು ಓದಿದ್ದೇವೆ. ಅವುಗಳ ಮೊದಲ ಪುಟ ಬಹಳ ಉದಾತ್ತವಾಗಿರುತ್ತದೆ. ಕೊನೆಯ ಪುಟದ ಕಡೆಗೆ ಎರಡು ಸಣ್ಣ ಷರತ್ತುಗಳು ಸಾಮಾನ್ಯವಾಗಿ ಕಾಣಸಿಗುತ್ತವೆ: ಈ ಒಡಂಬಡಿಕೆಯಿಂದ ಯಾವ ಪಕ್ಷಕ್ಕೂ ಹಣಕಾಸಿನ ಹೊಣೆ ಒದಗುವುದಿಲ್ಲ; ಈ ಒಡಂಬಡಿಕೆ ಕಾನೂನಿನ ಬಂಧನಕ್ಕೆ ಒಳಪಡುವುದಿಲ್ಲ. ನಮ್ಮ ಕಚೇರಿಯಲ್ಲಿ ಗುಮಾಸ್ತನೊಬ್ಬ ಹಣದ ಬಾಬ್ತೂ ಹೊಣೆಗಾರನ ಹೆಸರೂ ಇಲ್ಲದ ಕಡತವನ್ನು ಮೇಲಕ್ಕೆ ಕಳಿಸಿದರೆ ಅದು ಮಧ್ಯಾಹ್ನದೊಳಗೆ ಹಿಂದಕ್ಕೆ ಬರುತ್ತದೆ. ಒಬ್ಬ ಅಧ್ಯಾಪಕಿ ಒಂದು ಸೆಮಿಸ್ಟರು ಇನ್ನೊಂದು ವಿಶ್ವವಿದ್ಯಾನಿಲಯಕ್ಕೆ ಹೋಗಿ ಕಲಿತು ಬರಬೇಕಾದರೆ ಅವರ ಪ್ರಯಾಣಕ್ಕೆ, ವಸತಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಅವರ ತರಗತಿಯನ್ನು ಆ ಹೊತ್ತಿಗೆ ನಿಭಾಯಿಸುವ ಇನ್ನೊಬ್ಬರಿಗೆ ಹಣ ಬೇಕು. ಹಣದ ಹೊಣೆ ಯಾರಿಗೂ ಇಲ್ಲವೆಂದು ಬರೆದ ದಿನವೇ, ಯಾರೂ ಎಲ್ಲಿಗೂ ಹೋಗುವುದಿಲ್ಲವೆಂದು ಎರಡೂ ಕಡೆಯವರು ಸಹಿ ಹಾಕಿದಂತಾಯಿತು.

ಪಾಲುದಾರಿಕೆಯಿಂದ ಅಧ್ಯಾಪಕರನ್ನು ಬೆಳೆಸುವುದು ಕನಸಿನ ಮಾತೆಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಈ ದೇಶ ಅದನ್ನು ಮಾಡಿ ತೋರಿಸಿದೆ. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಆರಂಭವಾದಾಗ ಬ್ರಿಟಿಷ್ ಕೌನ್ಸಿಲ್ ಮತ್ತು ಫೋರ್ಡ್ ಫೌಂಡೇಷನ್ ಅದರ ಬೆನ್ನಿಗಿದ್ದವು. ದೇಶದ ನಾನಾ ಕಡೆಯ ಇಂಗ್ಲಿಷ್ ಅಧ್ಯಾಪಕರು ಅಲ್ಲಿ ತಿಂಗಳುಗಟ್ಟಲೆ ತಂಗಿ, ಉಚ್ಚಾರಣೆಯಿಂದ ಹಿಡಿದು ಪ್ರಶ್ನೆಪತ್ರಿಕೆಯ ರಚನೆಯವರೆಗೆ ಎಲ್ಲವನ್ನೂ ಮತ್ತೆ ಕಲಿತರು. ನಮಗೆ ಎಂ.ಎ.ಯಲ್ಲಿ ಪಾಠ ಹೇಳಿದವರಲ್ಲಿ ಅಲ್ಲಿಂದ ಬಂದ ಒಬ್ಬರಿದ್ದರು. ತರಗತಿಯಲ್ಲಿ ಪ್ರಶ್ನೆ ಕೇಳಿ, ಉತ್ತರಕ್ಕಾಗಿ ನಿಜವಾಗಿ ಕಾಯುತ್ತಿದ್ದವರು ಅವರೊಬ್ಬರೇ.

ಕಾನ್ಪುರದ ಐಐಟಿಯ ಕಥೆ ಇನ್ನೂ ದೊಡ್ಡದು. 1962ರಿಂದ 1972ರವರೆಗೆ ಅಮೆರಿಕದ ಒಂಬತ್ತು ವಿದ್ಯಾಸಂಸ್ಥೆಗಳ ಒಕ್ಕೂಟ ಅದರ ಜೊತೆಗಿತ್ತು. ಎಂಐಟಿ, ಪ್ರಿನ್ಸ್‌ಟನ್, ಬರ್ಕ್ಲಿ, ಪರ್ಡ್ಯೂಗಳಂಥ ಕಡೆಗಳಿಂದ ನೂರಕ್ಕೂ ಹೆಚ್ಚು ಅಧ್ಯಾಪಕರು ಆ ಹತ್ತು ವರ್ಷಗಳಲ್ಲಿ ಕಾನ್ಪುರಕ್ಕೆ ಬಂದರು. ಅನೇಕರು ಕುಟುಂಬಸಮೇತ ಬಂದು ವರ್ಷಗಟ್ಟಲೆ ಅಲ್ಲೇ ನೆಲೆಸಿ, ಭಾರತೀಯ ಸಹೋದ್ಯೋಗಿಗಳೊಂದಿಗೆ ಪಠ್ಯಕ್ರಮ ಕಟ್ಟಿ ಪಾಠ ಹೇಳಿದರು. ಕಾನ್ಪುರದವರು ಅಲ್ಲಿಗೂ ಹೋಗಿ ಬಂದರು. 1963ರಲ್ಲಿ ಐಬಿಎಂ 1620 ಗಣಕಯಂತ್ರ ಬಂದಾಗ ಅದನ್ನು ಬೀರುವಿನಲ್ಲಿಟ್ಟ ಬೆಳ್ಳಿತಟ್ಟೆಯಂತೆ ಕಾಪಾಡಲಿಲ್ಲ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ವಿ. ರಾಜಾರಾಮನ್ ಮೊದಲಾದವರು ದೇಶದ ಬೇರೆ ಸಂಸ್ಥೆಗಳ ವಿಜ್ಞಾನಿಗಳಿಗೂ ಎಂಜಿನಿಯರುಗಳಿಗೂ ಅಲ್ಲಿ ಅಲ್ಪಾವಧಿಯ ತೀವ್ರ ಕೋರ್ಸುಗಳನ್ನು ನಡೆಸಿದರು. ಹಾಗಾಗಿ ನಮ್ಮ ತಕರಾರು ಶಿಬಿರದ ದಿನಗಳ ಎಣಿಕೆಯ ಬಗ್ಗೆ ಅಲ್ಲ. ಕಾನ್ಪುರದ ಅಲ್ಪಾವಧಿಯ ಕೋರ್ಸಿನ ಹಿಂದೆ ದೀರ್ಘಕಾಲದ ದುಡಿಮೆಯಿತ್ತು. ಕಲಿಸುವವರು ತಾವೇ ದಿನವೂ ಮಾಡುತ್ತಿದ್ದುದನ್ನು ಕಲಿಸುತ್ತಿದ್ದರು.

ಕಾನ್ಪುರದ ಹಿಂದೆ ಶೀತಲ ಸಮರದ ರಾಜಕಾರಣವಿತ್ತು, ಅಮೆರಿಕದ ಸರ್ಕಾರಿ ಹಣವಿತ್ತು, ಅಲ್ಲಿ ಕಲಿತ ಹುಡುಗರಲ್ಲಿ ಬಹಳ ಮಂದಿ ದೇಶ ಬಿಟ್ಟರು ಎಂಬ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಅವು ನ್ಯಾಯವಾದವುಗಳೇ. ಅದಕ್ಕಾಗಿಯೇ ಬಡತನದಲ್ಲಿ ನಡೆದ ಇನ್ನೊಂದು ಪ್ರಯೋಗವನ್ನೂ ಮುಂದಿಡುತ್ತೇವೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ವಿಜ್ಞಾನ ಬೋಧನೆಯ ಕಾರ್ಯಕ್ರಮವೊಂದನ್ನು ಆರಂಭಿಸಿದವು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ದೆಹಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರೂ ಅದಕ್ಕೆ ಹೆಗಲು ಕೊಟ್ಟರು. ಭೌತಶಾಸ್ತ್ರದ ಪ್ರಾಧ್ಯಾಪಕರು ಹಳ್ಳಿಯ ಮೇಷ್ಟರೊಂದಿಗೆ ನೆಲದ ಮೇಲೆ ಕುಳಿತು ಪ್ರಯೋಗ ಮಾಡಿದರು. ತರಬೇತಿ ಮುಗಿದ ಮೇಲೆ ಶಾಲೆಗೆ ಹೋಗಿ ಪಾಠ ಹೇಗೆ ನಡೆದಿದೆಯೆಂದು ನೋಡಿ ಬರುವ ಕ್ರಮಕ್ಕೆ ಅವರು ‘ಅನುವರ್ತನ’ ಎಂಬ ಹೆಸರಿಟ್ಟಿದ್ದರು. ಮೇಷ್ಟರುಗಳ ಮಾಸಿಕ ಸಭೆಯಲ್ಲಿ ಬಂದ ದೂರುಗಳಿಂದ ಪಠ್ಯಪುಸ್ತಕ ತಿದ್ದಲ್ಪಡುತ್ತಿತ್ತು. ಮುಂದೆ ಏಕಲವ್ಯ ಸಂಸ್ಥೆ ಮುನ್ನಡೆಸಿದ ಆ ಕಾರ್ಯಕ್ರಮವನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು. ಆದರೆ ಮೂರು ದಶಕ ಅದು ತೋರಿಸಿಕೊಟ್ಟ ಸಂಗತಿಯನ್ನು ಅಳಿಸಲಾಗದು. ಕಲಿಸಲು ಹೋದ ವಿಶ್ವವಿದ್ಯಾನಿಲಯದವರು ತಾವೂ ಕಲಿತು ಬಂದರು. ಹಳ್ಳಿಯ ಮಗುವಿಗೆ ಅರ್ಥವಾಗುವಂತೆ ಹೇಳಲಾಗದ ಸಿದ್ಧಾಂತ ತಮಗೂ ಪೂರ್ತಿ ಅರ್ಥವಾಗಿಲ್ಲವೆಂದು ತಿಳಿದು ಬಂದರು.

ನಮ್ಮ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ ನಡೆಸಿಕೊಂಡು ಬಂದ ಸಂಸ್ಕೃತಿ ಶಿಬಿರಗಳನ್ನು ಇಲ್ಲಿ ನೆನೆಯದಿರಲಾರೆವು. ಅಡಕೆ ತೋಟಗಳ ನಡುವಿನ ಆ ಹಳ್ಳಿಗೆ ಕನ್ನಡನಾಡಿನ ಎಷ್ಟೋ ಅಧ್ಯಾಪಕರು ಸ್ವಂತ ರಜೆ ಹಾಕಿ, ಸ್ವಂತ ಹಣ ಕೊಟ್ಟು ಹೋಗಿದ್ದಾರೆ. ಬಡ್ತಿಗೆ ಒದಗದ ಆ ದಿನಗಳ ಬಗ್ಗೆ ಅವರು ಇಂದಿಗೂ ಕಣ್ಣರಳಿಸಿ ಮಾತಾಡುತ್ತಾರೆ. ಬಡ್ತಿಗೆ ಒದಗಿದ ಪುನಶ್ಚೇತನ ಕೋರ್ಸಿನ ಬಗ್ಗೆ ಕೇಳಿದರೆ ಬಹುಪಾಲು ಜನ ಊಟದ ವ್ಯವಸ್ಥೆಯನ್ನಷ್ಟೇ ನೆನಪಿಸಿಕೊಳ್ಳುತ್ತಾರೆ. ಅಧ್ಯಾಪಕರಿಗೆ ಕಲಿಯುವ ಆಸೆಯಿಲ್ಲ ಎಂಬ ಆಡಳಿತದವರ ಗೊಣಗಾಟಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಎದುರುವಾದವನ್ನೂ ಕೇಳಿಸಿಕೊಳ್ಳೋಣ. ಆನ್‌ಲೈನ್ ಶಿಬಿರಗಳಿಂದ ಎಳೆಮಕ್ಕಳ ತಾಯಂದಿರಿಗೆ, ದೂರದ ತಾಲೂಕು ಕೇಂದ್ರದವರಿಗೆ, ಅನಾರೋಗ್ಯದ ಹಿರಿಯರನ್ನು ಬಿಟ್ಟು ಬರಲಾಗದವರಿಗೆ ಅನುಕೂಲವಾಗಿದೆ ಎನ್ನುತ್ತಾರೆ. ನಿಜ. ಮೂರು ವಾರ ಊರು ಬಿಟ್ಟು ಇರಲಾಗದೆ ಬಡ್ತಿ ಕಳೆದುಕೊಂಡ ಹೆಂಗಸರನ್ನು ನಾವೂ ಬಲ್ಲೆವು. ಅವರಿಗೆ ಪರದೆಯ ಶಿಬಿರ ದೊಡ್ಡ ಆಸರೆ. ಲಕ್ಷಗಟ್ಟಲೆ ಅಧ್ಯಾಪಕರನ್ನು ಹಾಸ್ಟೆಲ್ಲುಗಳಲ್ಲಿ ಇರಿಸುವ ಶಕ್ತಿ ಎಲ್ಲಿದೆ ಎಂದೂ ಕೇಳುತ್ತಾರೆ. ಅದೂ ಯೋಗ್ಯವಾದ ಪ್ರಶ್ನೆಯೇ. ಆದರೆ ಪರದೆಯಿಂದ ಸಾಧ್ಯವಾಗುವುದು ಮಾಹಿತಿಯ ಹಂಚಿಕೆ. ಕಲಿಸುವ ಕಸುಬು ಇನ್ನೊಬ್ಬರು ಕಲಿಸುವುದನ್ನು ನೋಡಿ, ನಾವು ಕಲಿಸುವಾಗ ಇನ್ನೊಬ್ಬರಿಂದ ನೋಡಿಸಿಕೊಂಡು ಬರುವಂಥದ್ದು. ಕ್ಯಾಮೆರಾ ಮುಚ್ಚಿ, ಧ್ವನಿ ಅಡಗಿಸಿ, ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುತ್ತ ಕೇಳಿದ ಉಪನ್ಯಾಸವನ್ನು ತರಬೇತಿಯೆಂದು ದಾಖಲಿಸುವ ಸರ್ಕಾರ, ಆ ಅಧ್ಯಾಪಕಿಗೆ ಉಪಕಾರ ಮಾಡಿದ್ದೇನೆಂದು ತಿಳಿಯಬಾರದು. ಶಿಶುವಿಹಾರವಿರುವ ಅತಿಥಿಗೃಹ, ಊರಿಗೆ ಹತ್ತಿರದ ಜೊತೆಸಂಸ್ಥೆ, ವಾರಕ್ಕೆರಡು ದಿನದಂತೆ ವರ್ಷವಿಡೀ ಹರಡಿದ ಭೇಟಿ—ಅವರ ಕಷ್ಟಕ್ಕೆ ಪರಿಹಾರಗಳು ಬೇರೆಯೂ ಇವೆ. ಅವುಗಳಿಗೆ ಹಣ ಬೇಕಾಗುತ್ತದೆ ಎಂಬುದೊಂದೇ ಅವುಗಳ ದೋಷ.

ಇದಕ್ಕಿಂತ ದೊಡ್ಡ ಕಳವಳದ ಸಂಗತಿ ಇನ್ನೊಂದಿದೆ. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ದುಡಿಯುತ್ತಿದ್ದಾರೆ. ಬೇರೆ ರಾಜ್ಯಗಳ ಕಥೆಯೂ ಹೆಚ್ಚು ಭಿನ್ನವಲ್ಲ. ಬಡ್ತಿಯೊಂದಿಗೆ ಗಂಟುಹಾಕಿದ ತರಬೇತಿ ಬಡ್ತಿಯೇ ಇಲ್ಲದವರಿಗೆ ಏಕೆ ಬೇಕು? ನಿಯಮದ ಮೂಲೆಯಲ್ಲೆಲ್ಲೋ ಅವರಿಗೂ ಅವಕಾಶವಿದ್ದೀತು. ಆದರೆ ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಕೆಲಸವೇ ಅನಿಶ್ಚಿತವಾಗಿರುವವರು ಯಾವ ಧೈರ್ಯದಿಂದ ತರಗತಿ ಬಿಟ್ಟು ಹೋದಾರು? ಎಷ್ಟೋ ಕಾಲೇಜುಗಳಲ್ಲಿ ಪಾಠದ ಬಹುಭಾಗ ನಡೆಸುವವರು ಅವರೇ; ತರಬೇತಿಯ ಒಡಂಬಡಿಕೆಗಳಲ್ಲಿ ಅವರ ಹೆಸರಿಲ್ಲ. ಎರಡು ವರ್ಷ ಅದೇ ಸ್ಥಾನದಲ್ಲಿದ್ದ ನಮಗೆ ಇದು ದೂರದ ಅಂಕಿಅಂಶವಾಗಿ ಕಾಣುವುದಿಲ್ಲ.

ಇನ್ನು ನಮ್ಮ ಮಾತು, ಹೊರನಾಡಿನ ಕನ್ನಡಿಗರ ಮಾತು. ಮುಂಬಯಿ ಮತ್ತು ಮದ್ರಾಸು ವಿಶ್ವವಿದ್ಯಾನಿಲಯಗಳಲ್ಲಿ ಕನ್ನಡ ವಿಭಾಗಗಳಿವೆ. ಉಸ್ಮಾನಿಯಾದಲ್ಲಿ ಕನ್ನಡ ಬೋಧನೆಗೆ ಹಳೆಯ ಪರಂಪರೆಯಿದೆ. 2015ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪೀಠ ಬಂತು. ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಇನ್ನೂ ಉಸಿರಾಡುತ್ತಿದೆ. ಇಂಥ ಕಡೆಗಳಲ್ಲಿ ಕಲಿಸುವ ಕನ್ನಡದ ಅಧ್ಯಾಪಕ ಬಹುಮಟ್ಟಿಗೆ ಒಂಟಿ. ಪಂಪನನ್ನೋ ವಚನವನ್ನೋ ಹೇಗೆ ಹೇಳಿದೆನೆಂದು ಚರ್ಚಿಸಲು ಪಕ್ಕದ ಕೋಣೆಯಲ್ಲಿ ಸಹೋದ್ಯೋಗಿಯಿಲ್ಲ. ನಮ್ಮ ಬಳಗದ ತಿಂಗಳ ಓದಿಗೆ ಬರುವ ಅಧ್ಯಾಪಕರೊಬ್ಬರು ಒಮ್ಮೆ ಹೇಳಿದ್ದನ್ನು ಮರೆಯಲಾರೆವು. ಅವರ ಪುನಶ್ಚೇತನ ಕೋರ್ಸು ‘ಭಾರತೀಯ ಭಾಷೆಗಳು’ ಎಂಬ ಒಟ್ಟು ಹೆಸರಿನದಾಗಿತ್ತು. ಹಲವು ಭಾಷೆಗಳ ಅಧ್ಯಾಪಕರು ಒಂದೇ ಸಭಾಂಗಣದಲ್ಲಿ ಕುಳಿತು, ತಮ್ಮ ಯಾರ ಭಾಷೆಯಲ್ಲೂ ಅಲ್ಲದ ಉಪನ್ಯಾಸಗಳನ್ನು ಕೇಳಿದರು. ಇಡೀ ಅವಧಿಯಲ್ಲಿ ಅವರಿಗೆ ಕನ್ನಡ ಕಲಿಸುವ ಬಗ್ಗೆ ಒಂದು ತಾಸೂ ದೊರೆಯಲಿಲ್ಲ. ಅವರ ತರಗತಿಯಲ್ಲಿರುವವರಾದರೂ ಎಂಥವರು? ಮನೆಯಲ್ಲಿ ಕನ್ನಡ ಆಡಬಲ್ಲ, ಆದರೆ ಓದಲಾರದ ಮಕ್ಕಳು. ಅಜ್ಜಿಯ ಕನ್ನಡ ಗೊತ್ತಿದ್ದು ಗ್ರಂಥದ ಕನ್ನಡಕ್ಕೆ ಬೆದರುವ ಮಕ್ಕಳು. ಇಂಥವರಿಗೆ ಕಲಿಸುವ ಬಗೆಯನ್ನು ಬೆಂಗಳೂರಿನಲ್ಲೂ ಯಾರೂ ಹೇಳಿಕೊಡುವುದಿಲ್ಲ. ಅದನ್ನು ಹೊರನಾಡಿನ ಅಧ್ಯಾಪಕನೇ ಕಂಡುಕೊಂಡಿದ್ದಾನೆ. ಬೆಂಗಳೂರಿನ ಇಂದಿನ ತರಗತಿಗಳಲ್ಲೂ ಅಂಥ ಮಕ್ಕಳು ಬಂದು ಕುಳಿತಿರುವಾಗ, ಅವನಿಂದ ಒಳನಾಡಿನವರು ಕಲಿಯಬೇಕಾದದ್ದು ಬಹಳವಿದೆ.

ಇಂಥಲ್ಲಿ ನಿಜವಾದ ಪಾಲುದಾರಿಕೆ ಹೇಗಿರಬಹುದೆಂದು ಊಹಿಸಲು ಕಷ್ಟವಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾನಿಲಯ 1991ರಲ್ಲಿ ಹುಟ್ಟಿದ್ದೇ ಕನ್ನಡದ ಕೆಲಸಕ್ಕೆ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ 1969ರಿಂದ ಭಾಷಾಬೋಧನೆಯ ಕೆಲಸವನ್ನೇ ಮಾಡುತ್ತಿದೆ. ಕರ್ನಾಟಕದ ಒಂದೊಂದು ವಿಶ್ವವಿದ್ಯಾನಿಲಯ ಹೊರನಾಡಿನ ಒಂದೊಂದು ಕನ್ನಡ ವಿಭಾಗವನ್ನು ಜೊತೆಯಾಗಿ ಆರಿಸಿಕೊಳ್ಳಲಿ. ವರ್ಷಕ್ಕೊಬ್ಬ ಅಧ್ಯಾಪಕ ಇಲ್ಲಿಂದ ಅಲ್ಲಿಗೆ, ಒಬ್ಬ ಅಲ್ಲಿಂದ ಇಲ್ಲಿಗೆ, ಒಂದು ಸೆಮಿಸ್ಟರಿನ ಮಟ್ಟಿಗೆ ಸ್ಥಾನ ಬದಲಿಸಲಿ. ಒಬ್ಬನ ತರಗತಿಯನ್ನು ಇನ್ನೊಬ್ಬ ತೆಗೆದುಕೊಳ್ಳುವುದರಿಂದ ಬದಲಿ ಅಧ್ಯಾಪಕನ ಖರ್ಚೂ ಉಳಿಯುತ್ತದೆ. ಪ್ರಯಾಣ, ವಸತಿಗಳ ಹೊಣೆ ಯಾರದೆಂದು ಒಡಂಬಡಿಕೆಯಲ್ಲಿ ಹೆಸರು ಹಿಡಿದು ಬರೆಯಲಿ. ಮರುವರ್ಷ ಅನುವರ್ತನಕ್ಕೆ ಒಬ್ಬರು ಹೋಗಿ ತರಗತಿಯ ಹಿಂದಿನ ಬೆಂಚಿನಲ್ಲಿ ಒಂದು ವಾರ ಕೂರಲಿ. ಅತಿಥಿ ಉಪನ್ಯಾಸಕರಿಗೂ ಇದರಲ್ಲಿ ಪಾಲಿರಲಿ. ಹೋದ ಕಾಲವನ್ನು ಸೇವೆಯೆಂದೇ ಎಣಿಸಲಿ. ಇಂಥ ಜೊತೆ ಐದು ಸಿಕ್ಕರೂ ನಮಗೆ ಐನೂರು ಒಡಂಬಡಿಕೆಗಳು ಬೇಡ.

ಈ ಟೀಕೆಯ ಪಾಲು ನಮಗೂ ಸಲ್ಲಬೇಕು. ಒಡಂಬಡಿಕೆಯ ಸಮಾರಂಭಗಳಿಗೆ ಹೊರನಾಡಿನ ಸಂಘಗಳಿಂದ ಹೋಗಿ ಮೊದಲ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವರು ನಾವೇ. ಚಿತ್ರವನ್ನು ಬಳಗದಲ್ಲಿ ಹಂಚಿ ಸಂತೋಷಪಟ್ಟವರೂ ನಾವೇ. ಮುಂದಿನ ಸಲ ಚಪ್ಪಾಳೆಗೆ ಮೊದಲು ಮೂರು ಪ್ರಶ್ನೆ ಕೇಳೋಣ: ಯಾರು ಹೋಗುತ್ತಾರೆ? ಯಾರ ಹಣದಲ್ಲಿ ಹೋಗುತ್ತಾರೆ? ಹಿಂದಿರುಗಿದ ಮೇಲೆ ಅವರ ತರಗತಿಯನ್ನು ನೋಡಲು ಯಾರು ಬರುತ್ತಾರೆ? ದೆಹಲಿಯ ಕರ್ನಾಟಕ ಸಂಘಕ್ಕೂ ಮುಂಬಯಿಯ ಮೈಸೂರು ಅಸೋಸಿಯೇಷನ್ನಿಗೂ ಸ್ವಂತ ಕಟ್ಟಡಗಳಿವೆ. ಇಂಥ ಸಂಘಗಳು ಒಂದು ಸೆಮಿಸ್ಟರಿನ ಮಟ್ಟಿಗೆ ಬಂದಿಳಿಯುವ ಒಬ್ಬ ಕನ್ನಡ ಅಧ್ಯಾಪಕನಿಗೆ ಒಂದು ಕೋಣೆಯನ್ನೂ ಎರಡು ಹೊತ್ತಿನ ಊಟವನ್ನೂ ಒದಗಿಸಲು ಮನಸ್ಸು ಮಾಡಿದರೆ, ಹಣವಿಲ್ಲವೆನ್ನುವ ಕುಲಪತಿಗಳ ನೆಪದಲ್ಲಿ ಅರ್ಧವಾದರೂ ಕರಗುತ್ತದೆ.

ನಮ್ಮ ಬಳಗದ ಮುಂದಿನ ಸಭೆಗೆ ನಮ್ಮದೇ ಊರಿನ ಕನ್ನಡ ಅಧ್ಯಾಪಕರನ್ನು ಕರೆದು, ಭಾಷಣ ಬೇಡ, ತಾವು ತರಗತಿಯಲ್ಲಿ ಮಾಡುವ ಒಂದು ಪಾಠವನ್ನೇ ನಮ್ಮ ಮುಂದೆ ಮಾಡಿ ಎಂದು ಕೇಳಬೇಕೆಂದಿದ್ದೇವೆ. ನಾವು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತೇವೆ. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ತರಗತಿಗೆ ಯಾರಾದರೂ ಹಾಗೆ ಬಂದು ಕುಳಿತಿದ್ದರೆ, ಬಸ್ಸು ಹಿಡಿದು ಬರುತ್ತಿದ್ದ ಆ ಹುಡುಗರಿಗೆ ಹೆಚ್ಚೇನಾದರೂ ಸಿಗುತ್ತಿತ್ತು.